ಯಕೃತ್ತಿನ ಕ್ಯಾನ್ಸರ್ ಪತ್ತೆಗೆ ರಕ್ತದ ಪ್ರತಿಕಾಯಗಳು: ನಂಬಬಹುದಾದದ್ದೆಷ್ಟು?

ಯಕೃತ್ತು ಸುಲಭವಾಗಿ ದೂರು ಹೇಳುವ ಅಂಗವಲ್ಲ. ಅದರ ಗಣನೀಯ ಭಾಗ ಹಾಳಾದರೂ ಉಳಿದ ಭಾಗ ದೇಹದ ಕೆಲಸವನ್ನು ಹೇಗೋ ನಿಭಾಯಿಸಿಕೊಂಡು ಹೋಗುತ್ತದೆ. ಕಾಮಾಲೆ ಕಾಣಿಸಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ತೂಕ ಇಳಿದು ರೋಗಿ ವೈದ್ಯರ ಬಳಿಗೆ ಬರುವ ವೇಳೆಗೆ ಗಡ್ಡೆ ಶಸ್ತ್ರಚಿಕಿತ್ಸೆಯ ಕೈಗೆ ಎಟುಕದಷ್ಟು ಬೆಳೆದಿರುವುದೇ ಹೆಚ್ಚು. 2022ನೇ ಸಾಲಿನ ಅಂತಾರಾಷ್ಟ್ರೀಯ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 8.66 ಲಕ್ಷ ಮಂದಿಯಲ್ಲಿ ಯಕೃತ್ತಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 7.58 ಲಕ್ಷ ಮಂದಿ ಅದರಿಂದ ಸತ್ತರು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದನ್ನು ಗಮನಿಸಿದರೆ ರೋಗದ ಸ್ವರೂಪ ಅರ್ಥವಾಗುತ್ತದೆ.

ಇದೇ ರೋಗ ಬೇಗ ಪತ್ತೆಯಾದರೆ ಕಥೆ ಬೇರೆ. ಇಟಲಿಯ ಮಿಲಾನ್ ನಗರದ ವೈದ್ಯರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ಸೆಂಟಿಮೀಟರ್ ಮೀರದ ಒಂದೇ ಗಡ್ಡೆ ಅಥವಾ ತಲಾ 3 ಸೆಂಟಿಮೀಟರ್ ಮೀರದ ಮೂರರವರೆಗಿನ ಗಡ್ಡೆಗಳಿದ್ದ ರೋಗಿಗಳಿಗೆ ಯಕೃತ್ತಿನ ಕಸಿ ಮಾಡಲಾಯಿತು. ಅವರ ಪೈಕಿ ನಾಲ್ಕು ವರ್ಷಗಳ ಬಳಿಕ ಬದುಕುಳಿದವರ ಪ್ರಮಾಣ ಶೇ. 75. ಇಂದಿಗೂ ಕಸಿಗೆ ಯೋಗ್ಯರಾದವರನ್ನು ಆಯ್ಕೆ ಮಾಡುವಾಗ ಈ ‘ಮಿಲಾನ್ ಮಾನದಂಡ’ವೇ ಆಧಾರ. ಹಾಗಾಗಿ ಪ್ರಶ್ನೆ ಇಷ್ಟೇ: ಗಡ್ಡೆ ನಿಂಬೆಹಣ್ಣಿನಷ್ಟು ಇರುವಾಗಲೇ, ರೋಗಿಗೆ ಯಾವ ನೋವೂ ಇಲ್ಲದಿರುವಾಗಲೇ, ಅದನ್ನು ಹಿಡಿಯುವುದು ಹೇಗೆ? ಒಂದು ಹನಿ ರಕ್ತ ಉತ್ತರ ಕೊಟ್ಟೀತೇ?

ಈ ನಿರೀಕ್ಷೆಯಿಂದಲೇ ಕಳೆದ ಮೂರು ದಶಕಗಳಿಂದ ವಿಜ್ಞಾನಿಗಳು ರಕ್ತದಲ್ಲಿನ ಪ್ರತಿಕಾಯಗಳ ಬೆನ್ನು ಹತ್ತಿದ್ದಾರೆ.

ಹಳೆಯ ಸೂಚಕ: ಎಎಫ್‌ಪಿ

ಪ್ರತಿಕಾಯಗಳ ವಿಚಾರಕ್ಕೆ ಬರುವ ಮುನ್ನ ಈಗ ಬಳಕೆಯಲ್ಲಿರುವ ಪರೀಕ್ಷೆಯನ್ನು ತಿಳಿಯಬೇಕು. ಆಲ್ಫಾ ಫೀಟೋಪ್ರೋಟೀನ್, ಅಂದರೆ ಎಎಫ್‌ಪಿ, ಗರ್ಭಸ್ಥ ಶಿಶುವಿನ ಯಕೃತ್ತು ತಯಾರಿಸುವ ಪ್ರೋಟೀನು. ಮಗು ಹುಟ್ಟಿದ ಮೇಲೆ ಅದರ ಪ್ರಮಾಣ ಇಳಿಯುತ್ತಾ ಹೋಗಿ, ವಯಸ್ಕರಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 10 ನ್ಯಾನೋಗ್ರಾಂಗಿಂತ ಕೆಳಗಿರುತ್ತದೆ. ಯಕೃತ್ತಿನ ಗಡ್ಡೆ ಬಂದ ಇಲಿಗಳ ರಕ್ತದಲ್ಲಿ ಈ ಪ್ರೋಟೀನು ಮತ್ತೆ ಕಾಣಿಸಿಕೊಳ್ಳುವುದನ್ನು ಸೋವಿಯತ್ ವಿಜ್ಞಾನಿ ಗ್ಯಾರಿ ಅಬೆಲೆವ್ 1963ರಲ್ಲಿ ತೋರಿಸಿದರು. ಮರುವರ್ಷವೇ ಯೂರಿ ಟಾಟಾರಿನೊವ್ ಅದನ್ನು ಮನುಷ್ಯರಲ್ಲಿ ಕಂಡರು. ಪ್ರೌಢ ಜೀವಕೋಶ ಕೆಟ್ಟು ಕ್ಯಾನ್ಸರ್ ಕೋಶವಾದಾಗ ಶೈಶವದ ನಡವಳಿಕೆಗೆ ಮರಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅರವತ್ತು ವರ್ಷ ಕಳೆದರೂ ಎಎಫ್‌ಪಿ ತನ್ನ ಸ್ಥಾನ ಬಿಟ್ಟುಕೊಟ್ಟಿಲ್ಲ. ಹಾಗೆಂದು ಅದು ನಿರ್ದೋಷಿಯೂ ಅಲ್ಲ. 20 ನ್ಯಾನೋಗ್ರಾಂ ಎಂಬ ಮಿತಿ ಇಟ್ಟುಕೊಂಡರೆ ನೂರು ರೋಗಿಗಳ ಪೈಕಿ ಸುಮಾರು ಅರವತ್ತು ಮಂದಿಯಷ್ಟೇ ಸಿಕ್ಕಿಬೀಳುತ್ತಾರೆ. ಮಿತಿಯನ್ನು 200ಕ್ಕೆ ಏರಿಸಿದರೆ ತಪ್ಪು ಎಚ್ಚರಿಕೆಗಳು ಕಡಿಮೆಯಾಗುತ್ತವೆ, ಆದರೆ ಸಿಕ್ಕಿಬೀಳುವವರು ನಾಲ್ಕನೇ ಒಂದು ಭಾಗಕ್ಕಿಂತಲೂ ಕಡಿಮೆ. ಗರ್ಭಿಣಿಯರಲ್ಲಿ, ಹೆಪಟೈಟಿಸ್ ಉಲ್ಬಣಿಸಿದವರಲ್ಲಿ, ವೃಷಣದ ಕೆಲವು ಗಡ್ಡೆಗಳಲ್ಲಿ ಸಹ ಎಎಫ್‌ಪಿ ಏರುತ್ತದೆ.

ಈ ಕೊರತೆಯನ್ನು ತುಂಬಲು ಇನ್ನೆರಡು ಪರೀಕ್ಷೆಗಳು ಬಂದವು. ಎಎಫ್‌ಪಿಯಲ್ಲೇ ಕ್ಯಾನ್ಸರ್ ಕೋಶಗಳು ಹೆಚ್ಚಾಗಿ ಸ್ರವಿಸುವ ಎಲ್-3 ಎಂಬ ಬಗೆಯೊಂದಿದೆ. ಅದನ್ನು ಬೇರ್ಪಡಿಸಲು ಬಳಸುವುದು ಮಸೂರ ಬೇಳೆಯಲ್ಲಿರುವ ಲೆಕ್ಟಿನ್ ಎಂಬ ವಸ್ತುವನ್ನು. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಬೇಳೆಗೆ ಪ್ರಯೋಗಾಲಯದಲ್ಲಿ ಇಂಥದೊಂದು ಕೆಲಸವಿದೆ ಎಂಬುದು ಸ್ವಾರಸ್ಯಕರ. ಇನ್ನೊಂದು, ಡಿಸಿಪಿ ಅಥವಾ ಪಿವ್ಕಾ-2 ಎಂಬ ಅಪೂರ್ಣ ಪ್ರೋಥ್ರಾಂಬಿನ್. ವಿಟಮಿನ್ ಕೆ ಕೊರತೆಯಿರುವವರಲ್ಲಿ ಮತ್ತು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರಲ್ಲಿ ಇದೂ ದಾರಿ ತಪ್ಪಿಸುತ್ತದೆ. ರೋಗಿಯ ಲಿಂಗ, ವಯಸ್ಸು ಮತ್ತು ಈ ಮೂರು ಅಳತೆಗಳನ್ನು ಕೂಡಿಸಿ ಲೆಕ್ಕ ಹಾಕುವ ‘ಗ್ಯಾಲಡ್’ ಅಂಕ 2014ರಲ್ಲಿ ಬ್ರಿಟನ್ನಿನಿಂದ ಬಂದಿತು.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಮೇಲೆ ಹೇಳಿದ ಯಾವುವೂ ಪ್ರತಿಕಾಯಗಳಲ್ಲ. ಅವು ಗಡ್ಡೆಯೇ ರಕ್ತಕ್ಕೆ ಬಿಡುವ ವಸ್ತುಗಳು. ಗಡ್ಡೆ ಚಿಕ್ಕದಿದ್ದಷ್ಟೂ ಬಿಡುವ ಪ್ರಮಾಣ ಕಡಿಮೆ, ಆದ್ದರಿಂದ ಪತ್ತೆಯೂ ಕಷ್ಟ.

ದೇಹವೇ ಬರೆಯುವ ವರದಿ

ಪ್ರತಿಕಾಯದ ದಾರಿ ಬೇರೆ. ಹೊರಗಿನಿಂದ ಬಂದ ವೈರಾಣು, ಬ್ಯಾಕ್ಟೀರಿಯಾಗಳನ್ನು ಗುರುತಿಸಿ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳೇ ಪ್ರತಿಕಾಯಗಳು. ಅವು ಗುರಿಯಾಗಿಸಿಕೊಳ್ಳುವ ವಸ್ತುವಿಗೆ ಪ್ರತಿಜನಕ ಎಂದು ಹೆಸರು. ತನ್ನ ದೇಹದ ಪ್ರೋಟೀನುಗಳ ಮೇಲೆ ಅದು ಸಾಮಾನ್ಯವಾಗಿ ಕೈ ಮಾಡುವುದಿಲ್ಲ. ಆದರೆ ಕ್ಯಾನ್ಸರ್ ಕೋಶದೊಳಗೆ ಕೆಲವು ಪ್ರೋಟೀನುಗಳು ರೂಪ ಬದಲಿಸುತ್ತವೆ, ಕೆಲವು ಮಿತಿಮೀರಿ ತಯಾರಾಗುತ್ತವೆ, ಭ್ರೂಣಾವಸ್ಥೆಯಲ್ಲಿ ಮಾತ್ರ ಇರಬೇಕಾದ ಕೆಲವು ಅಕಾಲದಲ್ಲಿ ಪ್ರತ್ಯಕ್ಷವಾಗುತ್ತವೆ. ಆಗ ನಿರೋಧಕ ವ್ಯವಸ್ಥೆಗೆ ತನ್ನದೇ ಪ್ರೋಟೀನು ಪರಕೀಯವಾಗಿ ತೋರಿ, ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಇವನ್ನು ಸ್ವಯಂ ಪ್ರತಿಕಾಯಗಳೆನ್ನುತ್ತಾರೆ.

ಇವುಗಳ ಆಕರ್ಷಣೆ ಎಲ್ಲಿದೆ? ಗಡ್ಡೆ ಬಿಡುವ ಪ್ರೋಟೀನು ಅತ್ಯಲ್ಪವಾಗಿದ್ದರೂ ಅದಕ್ಕೆ ಪ್ರತಿಯಾಗಿ ದೇಹ ತಯಾರಿಸುವ ಪ್ರತಿಕಾಯ ಹೇರಳವಾಗಿರುತ್ತದೆ. ಸಣ್ಣ ಸದ್ದನ್ನು ಧ್ವನಿವರ್ಧಕ ದೊಡ್ಡದು ಮಾಡಿದಂತೆ. ಅಲ್ಲದೆ ಐಜಿಜಿ ವರ್ಗದ ಪ್ರತಿಕಾಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಮೂರು ವಾರ ಬೇಕು. ತೆಗೆದಿಟ್ಟ ರಕ್ತದ ಮಾದರಿಯಲ್ಲೂ ಅದು ಬೇಗ ಕೆಡುವುದಿಲ್ಲ.

ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಪಿ-53 ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯವಿರುವುದನ್ನು ಲಂಡನ್ನಿನ ಲಯನೆಲ್ ಕ್ರಾಫರ್ಡ್ ಮತ್ತು ಸಂಗಡಿಗರು 1982ರಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ವರದಿ ಮಾಡಿದರು. ಸುಮಾರು ಶೇ. 9ರಷ್ಟು ರೋಗಿಗಳಲ್ಲಿ ಮಾತ್ರ ಅದು ಕಂಡಿತ್ತು. ಯಕೃತ್ತಿನ ಕ್ಯಾನ್ಸರಿನ ಮಟ್ಟಿಗೆ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿದ್ದ, ಮಲೇಷ್ಯಾ ಮೂಲದ ಎಂಗ್ ಟಾನ್. ಅವರು ಮೊದಲು ಹೆಸರಾದದ್ದು ಕ್ಯಾನ್ಸರಿನಿಂದಲ್ಲ, ದೇಹ ತನ್ನನ್ನೇ ಹಗೆಯೆಂದು ಬಗೆಯುವ ಲೂಪಸ್ ರೋಗದ ಸಂಶೋಧನೆಯಿಂದ. ಲೂಪಸ್ ರೋಗಿಗಳ ಪ್ರತಿಕಾಯಗಳನ್ನು ಓದಿ ಅಭ್ಯಾಸವಿದ್ದ ಕಣ್ಣಿಗೆ ಯಕೃತ್ತಿನ ಕ್ಯಾನ್ಸರ್ ರೋಗಿಗಳ ರಕ್ತದಲ್ಲೂ ಅಂಥದೇ ಬರಹ ಕಂಡಿತು. 2001ರ ಲೇಖನವೊಂದರ ಶೀರ್ಷಿಕೆಯಲ್ಲಿ ಅವರು ಸ್ವಯಂ ಪ್ರತಿಕಾಯಗಳನ್ನು ‘ವರದಿಗಾರರು’ ಎಂದು ಕರೆದಿದ್ದಾರೆ. ಕೋಶದೊಳಗಿನ ಅಕ್ರಮಗಳನ್ನು ಹೊರಗೆ ತಿಳಿಸುವವು ಎಂಬ ಅರ್ಥದಲ್ಲಿ. ಪತ್ರಿಕಾ ಕಚೇರಿಯಲ್ಲಿ ಕುಳಿತವರಿಗೆ ಈ ಹೋಲಿಕೆ ಹಿತವೆನಿಸುವುದು ಸಹಜ. ಆದರೆ ವರದಿಗಾರರೆಲ್ಲರೂ ಸದಾ ಸರಿಯಾದ ಸುದ್ದಿಯನ್ನೇ ತರುವುದಿಲ್ಲ ಎಂಬುದೂ ಅಷ್ಟೇ ಸಹಜ.

ಟಾನ್ ಹಾಗೂ ಜಪಾನಿನ ವೈದ್ಯರು ಜೊತೆಯಾಗಿ 1993ರಲ್ಲಿ ಪ್ರಕಟಿಸಿದ ಕೆಲಸ ಇಡೀ ಕ್ಷೇತ್ರಕ್ಕೆ ಭರವಸೆ ನೀಡಿತು. ದೀರ್ಘಕಾಲದ ಯಕೃತ್ತಿನ ಕಾಯಿಲೆಯಿದ್ದು, ಮುಂದೆ ಕ್ಯಾನ್ಸರಿಗೆ ತುತ್ತಾದ ರೋಗಿಗಳ ರಕ್ತವನ್ನು ಕಾಲಕಾಲಕ್ಕೆ ಸಂಗ್ರಹಿಸಿಡಲಾಗಿತ್ತು. ಅವನ್ನು ಸಾಲಾಗಿ ಪರೀಕ್ಷಿಸಿದಾಗ, ಕೆಲವರಲ್ಲಿ ಕ್ಯಾನ್ಸರ್ ಬರುವ ಹೊತ್ತಿಗೆ ಕೋಶಕೇಂದ್ರದ ವಿರುದ್ಧದ ಪ್ರತಿಕಾಯಗಳ ಪ್ರಮಾಣ ಏರಿತ್ತು, ಅವುಗಳ ಗುರಿಯೂ ಬದಲಾಗಿತ್ತು. ಇದ್ದ ಪ್ರತಿಕಾಯ ಮುಂದುವರಿಯುವುದು ಒಂದು, ಹೊಸ ಪ್ರತಿಕಾಯ ಹುಟ್ಟುವುದು ಇನ್ನೊಂದು. ಎರಡನೆಯದು ಕ್ಯಾನ್ಸರಿನ ಹೆಜ್ಜೆಸಪ್ಪಳವಿರಬಹುದು ಎಂಬ ಆಲೋಚನೆ ಇಲ್ಲಿಂದ ಗಟ್ಟಿಯಾಯಿತು. ವಿನೈಲ್ ಕ್ಲೋರೈಡ್ ಅನಿಲದ ಸಂಪರ್ಕಕ್ಕೆ ಬಂದ ಕಾರ್ಖಾನೆ ಕಾರ್ಮಿಕರಲ್ಲಿ, ಯಕೃತ್ತಿನ ರಕ್ತನಾಳಗಳ ಅಪರೂಪದ ಕ್ಯಾನ್ಸರ್ ಪತ್ತೆಯಾಗುವ ಮುನ್ನವೇ ಪಿ-53 ಪ್ರತಿಕಾಯ ಕಂಡ ಉದಾಹರಣೆಗಳು 1995ರಲ್ಲಿ ವರದಿಯಾದವು.

ಶೇಂಗಾ, ಮೆಕ್ಕೆಜೋಳ ಮತ್ತು ಪಿ-53

ಪಿ-53 ಪ್ರೋಟೀನು ಕೆಡುವುದು ಏಕೆ ಎಂಬುದಕ್ಕೆ ಯಕೃತ್ತಿನ ಕ್ಯಾನ್ಸರಿನಲ್ಲಿ ಒಂದು ಅಪೂರ್ವ ಪುರಾವೆ ಸಿಕ್ಕಿದೆ. ಚೀನಾದಲ್ಲಿ ಯಾಂಗ್ಟ್ಸಿ ನದಿ ಸಮುದ್ರ ಸೇರುವೆಡೆ ಕಿಡಾಂಗ್ ಎಂಬ ಪ್ರದೇಶವಿದೆ. ಅಲ್ಲಿ ಹೆಪಟೈಟಿಸ್ ಬಿ ಸೋಂಕೂ ವ್ಯಾಪಕ, ಬೂಷ್ಟು ಹಿಡಿದ ಮೆಕ್ಕೆಜೋಳದ ಸೇವನೆಯೂ ವ್ಯಾಪಕವಾಗಿತ್ತು. ಶೇಂಗಾ ಮತ್ತು ಮೆಕ್ಕೆಜೋಳಗಳ ಮೇಲೆ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. 1991ರಲ್ಲಿ ಕಿಡಾಂಗ್‌ನ 16 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ 8ರಲ್ಲಿ ಪಿ-53 ವಂಶವಾಹಿಯ 249ನೇ ಸ್ಥಾನದಲ್ಲೇ, ಒಂದೇ ಬಗೆಯ ಬದಲಾವಣೆ ಕಂಡುಬಂದಿತು. ಅದೇ ವರ್ಷ ದಕ್ಷಿಣ ಆಫ್ರಿಕಾ ಭಾಗದ ರೋಗಿಗಳಲ್ಲೂ ಅದೇ ಗುರುತು ಸಿಕ್ಕಿತು. ಅಪರಾಧಿ ಬೆರಳಚ್ಚು ಬಿಟ್ಟು ಹೋದಂತೆ! ಹೀಗೆ ಕೆಟ್ಟ ಪಿ-53 ಕೋಶದಲ್ಲಿ ಬೇಗ ಕರಗದೆ ಶೇಖರವಾಗುತ್ತದೆ, ನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ. ಮುಂದೆ ಕಿಡಾಂಗ್‌ನ ಜನ ಮೆಕ್ಕೆಜೋಳದಿಂದ ಅಕ್ಕಿಗೆ ಬದಲಾದರು, ಅಲ್ಲಿ ಈ ಕ್ಯಾನ್ಸರಿನ ಪ್ರಮಾಣವೂ ಇಳಿಯಿತು.

ಶೇಂಗಾ ಮತ್ತು ಮೆಕ್ಕೆಜೋಳ ಎರಡೂ ಕರ್ನಾಟಕದ ಮುಖ್ಯ ಬೆಳೆಗಳು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಸುಮಾರು ನೂರು ಮಂದಿ ಸತ್ತಿದ್ದರು. ಒದ್ದೆಯಾದ ಕಾಳನ್ನು ಒಣಗಿಸದೆ ಚೀಲ ತುಂಬಿಸಬಾರದು ಎಂಬ ಹಿರಿಯರ ಮಾತಿನಲ್ಲಿ ವಿಜ್ಞಾನವಿದೆ.

ಒಂದರಿಂದ ಸಾಲದು, ಎಂಟು ಸೇರಬೇಕು

ಪ್ರತಿಕಾಯ ಪರೀಕ್ಷೆಯ ದೊಡ್ಡ ತೊಡಕು ಇಲ್ಲಿದೆ: ಯಾವ ಒಂದು ಪ್ರತಿಕಾಯವೂ ಎಲ್ಲ ರೋಗಿಗಳಲ್ಲಿ ಇರುವುದಿಲ್ಲ. ಪಿ-62 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ 1999ರ ಅಧ್ಯಯನದಲ್ಲಿ ಶೇ. 21ರಷ್ಟು ರೋಗಿಗಳಲ್ಲಿ ಮಾತ್ರ ಇತ್ತು. ಉಳಿದವುಗಳ ಹಣೆಬರಹವೂ ಸರಿಸುಮಾರು ಇದೇ. ಒಬ್ಬರ ಗಡ್ಡೆ ಕೆಡಿಸುವ ಪ್ರೋಟೀನು ಒಂದಾದರೆ ಇನ್ನೊಬ್ಬರದು ಬೇರೆ.

ಆದ್ದರಿಂದ ಹಲವು ಪ್ರತಿಜನಕಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟು ಪರೀಕ್ಷಿಸುವ ವಿಧಾನ ಬಂದಿತು. ಟಾನ್ ಅವರ ಸಹವರ್ತಿಯಾಗಿದ್ದ ಚೀನಾ ಮೂಲದ ಸಂಶೋಧಕರ ತಂಡ 2007ರಲ್ಲಿ ಪಿ-53, ಪಿ-62, ಸಿ-ಮಿಕ್, ಸೈಕ್ಲಿನ್ ಬಿ-1, ಸರ್ವೈವಿನ್ ಮುಂತಾದ ಎಂಟು ಪ್ರತಿಜನಕಗಳ ಗುಂಪನ್ನು ಪರೀಕ್ಷಿಸಿತು. ಒಂದೊಂದನ್ನೇ ಸೇರಿಸುತ್ತಾ ಹೋದಂತೆ ಪತ್ತೆಯ ಪ್ರಮಾಣ ಏರುತ್ತಾ, ಎಂಟೂ ಸೇರಿದಾಗ ಸುಮಾರು ಶೇ. 60ಕ್ಕೆ ಮುಟ್ಟಿತು. ಎಎಫ್‌ಪಿಯನ್ನೂ ಜೊತೆಗಿಟ್ಟರೆ ಅದು ಶೇ. 90ರ ಹತ್ತಿರಕ್ಕೆ ಹೋಯಿತು. ಎಎಫ್‌ಪಿ ಏರದ ರೋಗಿಗಳಲ್ಲಿ ಕೆಲವರನ್ನು ಪ್ರತಿಕಾಯಗಳು ಹಿಡಿದುಕೊಟ್ಟಿದ್ದೇ ಇದಕ್ಕೆ ಕಾರಣ. ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಬಹುಶಃ ಇಲ್ಲಿಯೇ.

ಪರೀಕ್ಷೆಯ ವಿಧಾನ ಸರಳ. ಎಲೈಸಾ ಎಂದು ಕರೆಯುವ ಇದರಲ್ಲಿ 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಪ್ರತಿಜನಕವನ್ನು ಅಂಟಿಸಿ, ತೆಳುಗೊಳಿಸಿದ ರಕ್ತದ ಸೀರಮ್ ಹಾಕುತ್ತಾರೆ. ಪ್ರತಿಕಾಯವಿದ್ದರೆ ಅಂಟಿಕೊಳ್ಳುತ್ತದೆ, ಇಲ್ಲವಾದರೆ ತೊಳೆದುಹೋಗುತ್ತದೆ. ಬಳಿಕ ಹಾಕುವ ಕಿಣ್ವದಿಂದ ಬಣ್ಣ ಮೂಡುತ್ತದೆ, ಬಣ್ಣದ ಗಾಢತೆಯನ್ನು ಯಂತ್ರ ಅಳೆಯುತ್ತದೆ. ಆದರೆ ಎಷ್ಟು ಗಾಢವಾದರೆ ‘ಪಾಸಿಟಿವ್’? ಆರೋಗ್ಯವಂತರ ಗುಂಪೊಂದರ ಸರಾಸರಿಯನ್ನು ಆಧರಿಸಿ ಆ ಗೆರೆಯನ್ನು ಎಳೆಯುತ್ತಾರೆ. ಗುಂಪು ಬದಲಾದರೆ ಗೆರೆಯೂ ಬದಲಾಗುತ್ತದೆ. ಹಾಗಾಗಿ ಒಂದು ಪ್ರಯೋಗಾಲಯದ ಅಂಕಿಯನ್ನು ಇನ್ನೊಂದರ ಅಂಕಿಯೊಂದಿಗೆ ಹೋಲಿಸುವಂತಿಲ್ಲ.

ಲೆಕ್ಕ ಏನು ಹೇಳುತ್ತದೆ?

ಶೇ. 60, ಶೇ. 90 ಎಂಬ ಅಂಕಿಗಳು ಓದಲು ಚೆನ್ನಾಗಿವೆ. ಅವನ್ನು ಜನರ ಮೇಲಿಟ್ಟು ನೋಡೋಣ. ಯಕೃತ್ತು ಗಂಟುಗಂಟಾಗಿ ಗಡುಸಾಗುವ ಸಿರೋಸಿಸ್ ಕಾಯಿಲೆಯ ಒಂದು ಸಾವಿರ ರೋಗಿಗಳಲ್ಲಿ 30 ಮಂದಿಗೆ ಕ್ಯಾನ್ಸರ್ ಇದೆಯೆಂದು ಭಾವಿಸೋಣ. ಪರೀಕ್ಷೆ ಶೇ. 60ರಷ್ಟು ರೋಗಿಗಳನ್ನು ಹಿಡಿಯುತ್ತದೆ, ಶೇ. 90ರಷ್ಟು ನಿರೋಗಿಗಳನ್ನು ಸರಿಯಾಗಿ ಬಿಡುತ್ತದೆ ಎಂದಿಟ್ಟುಕೊಂಡರೆ, 30ರಲ್ಲಿ 18 ಮಂದಿ ಸಿಗುತ್ತಾರೆ, 12 ಮಂದಿ ತಪ್ಪಿಹೋಗುತ್ತಾರೆ. ಕ್ಯಾನ್ಸರ್ ಇಲ್ಲದ 970 ಮಂದಿಯಲ್ಲಿ 97 ಮಂದಿಗೆ ‘ಪಾಸಿಟಿವ್’ ಎಂಬ ವರದಿ ಬರುತ್ತದೆ. ಅಂದರೆ ಗಾಬರಿಗೊಳ್ಳುವ 115 ಮಂದಿಯಲ್ಲಿ ನಿಜವಾದ ರೋಗಿಗಳು 18. ಇಲ್ಲಿ ಇದು ಒಪ್ಪಬಹುದಾದ ಬೆಲೆ, ಏಕೆಂದರೆ ಇವರಿಗೆಲ್ಲ ಹೇಗೂ ಸ್ಕ್ಯಾನ್ ಆಗಬೇಕಾದದ್ದೇ.

ಅದೇ ಪರೀಕ್ಷೆಯನ್ನು ಬೀದಿಯಲ್ಲಿ ಹೋಗುವ ಒಂದು ಲಕ್ಷ ಆರೋಗ್ಯವಂತರಿಗೆ ಮಾಡಿದರೆ? ಅವರಲ್ಲಿ 5 ಮಂದಿಗೆ ಕ್ಯಾನ್ಸರ್ ಇದೆಯೆಂದರೆ 3 ಮಂದಿ ಸಿಗುತ್ತಾರೆ. ಸುಮಾರು ಹತ್ತು ಸಾವಿರ ಮಂದಿ ವಿನಾಕಾರಣ ನಿದ್ದೆಗೆಡುತ್ತಾರೆ, ಸಿ.ಟಿ. ಸ್ಕ್ಯಾನಿಗೆ ಹಣ ಸುರಿಯುತ್ತಾರೆ. ನಗರಗಳ ಖಾಸಗಿ ಪ್ರಯೋಗಾಲಯಗಳು ಹುಟ್ಟುಹಬ್ಬಕ್ಕೂ ಹಬ್ಬಹರಿದಿನಕ್ಕೂ ರಿಯಾಯಿತಿ ದರದಲ್ಲಿ ಮಾರುವ ‘ಪೂರ್ಣ ದೇಹ ತಪಾಸಣೆ’ಯ ಪಟ್ಟಿಗೆ ಕ್ಯಾನ್ಸರ್ ಸೂಚಕಗಳನ್ನು ಸೇರಿಸುವುದು ಈ ಕಾರಣಕ್ಕೆ ಸರಿಯಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ತಪ್ಪಿಹೋದ ಆ 12 ಸಿರೋಸಿಸ್ ರೋಗಿಗಳು ‘ನೆಗೆಟಿವ್’ ಎಂಬ ಕಾಗದ ಹಿಡಿದು ಸ್ಕ್ಯಾನನ್ನೇ ಕೈಬಿಟ್ಟರೆ ಪರೀಕ್ಷೆಯೇ ಅವರಿಗೆ ಮುಳುವಾಗುತ್ತದೆ.

ಸಿರೋಸಿಸ್ ಇದ್ದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸ್ವಯಂ ಪ್ರತಿಕಾಯಗಳು ಕಾಣುವುದುಂಟು. ಆಟೋಇಮ್ಯೂನ್ ಹೆಪಟೈಟಿಸ್ ಎಂಬ ಬೇರೆಯದೇ ಕಾಯಿಲೆಯಲ್ಲಿ ವೈದ್ಯರು ಬರೆಸುವ ಎಎನ್ಎ ಪರೀಕ್ಷೆಯೂ ಕೋಶಕೇಂದ್ರದ ವಿರುದ್ಧದ ಪ್ರತಿಕಾಯಗಳದ್ದೇ; ಅದು ಪಾಸಿಟಿವ್ ಬಂದ ಮಾತ್ರಕ್ಕೆ ಕ್ಯಾನ್ಸರೆಂದು ಯಾರೂ ತಿಳಿಯಬೇಕಿಲ್ಲ.

ಒಂದೇ ಪದ, ವಿರುದ್ಧ ಅರ್ಥ

ಯಕೃತ್ತಿನ ಕಾಯಿಲೆಯ ವರದಿಗಳಲ್ಲಿ ಓದುಗರನ್ನು ಹೆಚ್ಚು ಗೊಂದಲಗೊಳಿಸುವುದು ಹೆಪಟೈಟಿಸ್ ಪರೀಕ್ಷೆಗಳು. ಎಚ್‌ಬಿಎಸ್ಎಜಿ ಎಂಬುದು ವೈರಾಣುವಿನ ಹೊರಕವಚದ ಪ್ರತಿಜನಕ. ಅದು ಪಾಸಿಟಿವ್ ಎಂದರೆ ಸೋಂಕು ದೇಹದಲ್ಲಿದೆ. ಆಂಟಿ-ಎಚ್‌ಬಿಎಸ್ ಎಂಬುದು ಅದರ ವಿರುದ್ಧದ ಪ್ರತಿಕಾಯ. ಅದು ಪಾಸಿಟಿವ್ ಎಂದರೆ ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದ ಚೇತರಿಸಿಕೊಂಡದ್ದರಿಂದಲೋ ರಕ್ಷಣೆ ದೊರೆತಿದೆ. ಮೊದಲನೆಯದು ಚಿಂತೆಯ ವಿಷಯ, ಎರಡನೆಯದು ಸಮಾಧಾನದ್ದು. ಹೆಪಟೈಟಿಸ್ ಸಿ ಸೋಂಕಿನಲ್ಲಿ ಮತ್ತೆ ಲೆಕ್ಕ ಬೇರೆ. ಅಲ್ಲಿ ಆಂಟಿ-ಎಚ್‌ಸಿವಿ ಪ್ರತಿಕಾಯ ರಕ್ಷಣೆ ಕೊಡುವುದಿಲ್ಲ. ಔಷಧದಿಂದ ವೈರಾಣು ಸಂಪೂರ್ಣ ನಾಶವಾದ ಮೇಲೂ ಅದು ಸಾಮಾನ್ಯವಾಗಿ ರಕ್ತದಲ್ಲಿ ಉಳಿದಿರುತ್ತದೆ. ಸೋಂಕು ಈಗ ಇದೆಯೇ ಎಂದು ತಿಳಿಯಲು ವೈರಾಣುವಿನ ಆರ್‌ಎನ್ಎ ಪರೀಕ್ಷೆಯೇ ಆಗಬೇಕು.

ಈ ವೈರಾಣು ಪರೀಕ್ಷೆಗಳು ಕ್ಯಾನ್ಸರನ್ನು ಪತ್ತೆ ಮಾಡುವುದಿಲ್ಲ, ಆದರೆ ಯಾರ ಮೇಲೆ ಕಣ್ಣಿಡಬೇಕೆಂದು ತೋರಿಸುತ್ತವೆ. ತೈವಾನಿನಲ್ಲಿ 22,707 ಪುರುಷರನ್ನು ಅನುಸರಿಸಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ಬಿ ವಾಹಕರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ 223 ಪಟ್ಟು ಹೆಚ್ಚೆಂದು ಅದು ತೋರಿಸಿತು. 1984ರಲ್ಲಿ ತೈವಾನ್ ನವಜಾತ ಶಿಶುಗಳಿಗೆ ಲಸಿಕೆ ಆರಂಭಿಸಿದ ಬಳಿಕ ಮಕ್ಕಳಲ್ಲಿ ಈ ಕ್ಯಾನ್ಸರ್ ಸುಮಾರು ಅರ್ಧಕ್ಕಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಸೋಂಕಿತರು ಸುಮಾರು 2.98 ಕೋಟಿ, ಸಿ ಸೋಂಕಿತರು ಸುಮಾರು 55 ಲಕ್ಷ. ಇವರಲ್ಲಿ ಬಹುಮಂದಿಗೆ ತಮಗೆ ಸೋಂಕಿರುವುದೇ ತಿಳಿದಿಲ್ಲ. ಕೇಂದ್ರ ಸರ್ಕಾರ 2018ರ ಜುಲೈ 28ರಂದು ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ.

ಇಂದಿನ ಸ್ಥಿತಿ

ಯಕೃತ್ತಿನ ಕ್ಯಾನ್ಸರಿಗೆ ಸ್ವಯಂ ಪ್ರತಿಕಾಯ ಪರೀಕ್ಷೆಯನ್ನು ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳು ಇನ್ನೂ ಶಿಫಾರಸು ಮಾಡಿಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಂಥ ಪರೀಕ್ಷೆಯನ್ನು ಸ್ಕಾಟ್ಲೆಂಡಿನಲ್ಲಿ ಅಪಾಯ ಹೆಚ್ಚಿರುವ 12,208 ಮಂದಿಯ ಮೇಲೆ ಪ್ರಯೋಗಿಸಿ ನೋಡಲಾಗಿದೆ. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ರೋಗ ಬಲಿತ ಹಂತದಲ್ಲಿ ಪತ್ತೆಯಾಗುವುದು ಕಡಿಮೆಯಾಯಿತು. ಯಕೃತ್ತಿನ ಮಟ್ಟಿಗೆ ಅಷ್ಟು ದೊಡ್ಡ ಪ್ರಯೋಗದ ಬೆಂಬಲ ಪ್ರತಿಕಾಯಗಳಿಗೆ ಸಿಕ್ಕಿಲ್ಲ. ಈ ನಡುವೆ ಗಡ್ಡೆಯ ಡಿಎನ್ಎ ತುಣುಕುಗಳನ್ನು ರಕ್ತದಲ್ಲಿ ಹುಡುಕುವ ಹೊಸ ಪರೀಕ್ಷೆಗಳು ಪೈಪೋಟಿಗೆ ಬಂದಿವೆ.

ಸದ್ಯಕ್ಕೆ ಪುರಾವೆಯಿರುವ ದಾರಿ ಹಳೆಯದೇ. ಶಾಂಘೈನಲ್ಲಿ 18,816 ಮಂದಿಯ ಮೇಲೆ ನಡೆದು 2004ರಲ್ಲಿ ವರದಿಯಾದ ಪ್ರಯೋಗದಲ್ಲಿ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಪರೀಕ್ಷೆಗೆ ಕರೆಯಲಾದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 37ರಷ್ಟು ಕಡಿಮೆಯಿತ್ತು. ಕರೆಗೆ ಓಗೊಟ್ಟು ಬಂದವರು ಶೇ. 60ನ್ನು ಮುಟ್ಟದಿದ್ದರೂ ಈ ಫಲ ದೊರೆಯಿತು. 2018ರ ಒಟ್ಟು ವಿಶ್ಲೇಷಣೆಯೊಂದರ ಪ್ರಕಾರ ಆರಂಭಿಕ ಗಡ್ಡೆಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಹಿಡಿಯುವುದು ಶೇ. 45ನ್ನು, ಎಎಫ್‌ಪಿ ಜೊತೆ ಸೇರಿದರೆ ಶೇ. 63ನ್ನು. ಉಳಿದ ಮೂರನೇ ಒಂದು ಭಾಗವನ್ನು ಮುಂದೆ ಪ್ರತಿಕಾಯಗಳು ತುಂಬಿಕೊಟ್ಟಾವೆಂಬುದು ಸಂಶೋಧಕರ ಆಶಯ.

ಸಿರೋಸಿಸ್ ಇರುವವರು, ಅದಕ್ಕೆ ಕಾರಣ ಮದ್ಯವಿರಲಿ, ವೈರಾಣುವಿರಲಿ, ಮಧುಮೇಹ ಮತ್ತು ಬೊಜ್ಜಿನೊಂದಿಗೆ ಬರುವ ಕೊಬ್ಬಿನ ಯಕೃತ್ತಿರಲಿ, ಆರು ತಿಂಗಳ ಈ ತಪಾಸಣೆಯನ್ನು ತಪ್ಪಿಸಬಾರದು. ಔಷಧದಿಂದ ಹೆಪಟೈಟಿಸ್ ಸಿ ವಾಸಿಯಾದರೂ ಸಿರೋಸಿಸ್ ಉಳಿದಿದ್ದರೆ ತಪಾಸಣೆ ನಿಲ್ಲಿಸುವಂತಿಲ್ಲ. ಹೆಪಟೈಟಿಸ್ ಬಿ ವಾಹಕರಲ್ಲಿ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದಾದ್ದರಿಂದ ತಪಾಸಣೆ ಯಾವ ವಯಸ್ಸಿಗೆ ಆರಂಭಿಸಬೇಕೆಂದು ವೈದ್ಯರನ್ನು ಕೇಳಬೇಕು. ಅಲ್ಟ್ರಾಸೌಂಡಿನಲ್ಲಿ ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಡ್ಡೆ ಕಂಡರೆ ಇಲ್ಲವೇ ಎಎಫ್‌ಪಿ ಏರುತ್ತಿದ್ದರೆ, ಔಷಧ ಚುಚ್ಚಿ ಹಂತಹಂತವಾಗಿ ಚಿತ್ರ ತೆಗೆಯುವ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸುತ್ತಾರೆ. ಸಿರೋಸಿಸ್ ಇದ್ದವರಲ್ಲಿ ಆ ಚಿತ್ರದ ಲಕ್ಷಣಗಳು ಸ್ಪಷ್ಟವಾಗಿದ್ದರೆ ಸೂಜಿ ಹಾಕಿ ತುಣುಕು ತೆಗೆಯದೆಯೇ ರೋಗವನ್ನು ಖಚಿತಪಡಿಸಬಹುದು, ಅಸ್ಪಷ್ಟವಾಗಿದ್ದರೆ ಬಯಾಪ್ಸಿ ಬೇಕಾಗುತ್ತದೆ.